ಉತಾರದ ಮೇಲಿನ ಹೆಸರು

ಮೇ 31 ಬಂತೆಂದರೆ ನಮ್ಮ ಸರ್ಕಾರಿ ಕಚೇರಿಗಳಲ್ಲಿ ಹಾರ, ಶಾಲು, ಫೋಟೊಗಳ ಗದ್ದಲ. ಹುಟ್ಟಿದ ದಿನ ಗೊತ್ತಿಲ್ಲದ ಹುಡುಗರಿಗೆಲ್ಲ ಹಿಂದಿನ ಹೆಡ್‌ಮಾಸ್ತರರು ಜೂನ್ 1 ಎಂದು ಬರೆದುಬಿಟ್ಟಿದ್ದರ ಫಲ ಇದು. ಮಾಸ್ತರರ ಒಂದು ಗೀಚು ಅರ್ಧ ಕಚೇರಿಯನ್ನು ಒಂದೇ ಸಂಜೆ ಮನೆಗೆ ಕಳಿಸುತ್ತದೆ. ರಾಜ್ಯ ಸರ್ಕಾರ 2008ರಲ್ಲಿ ನಿವೃತ್ತಿಯ ವಯಸ್ಸನ್ನು 58ರಿಂದ 60ಕ್ಕೆ ಏರಿಸಿದರೂ ಆ ಸಂಜೆ ಎರಡು ವರ್ಷ ಮುಂದೆ ಹೋಯಿತೇ ಹೊರತು ಅದರ ರೀತಿ ಬದಲಾಗಲಿಲ್ಲ. ಗದಗ ತಾಲೂಕಿನ ಹೊಂಬಳದಂಥ ಎರೆಸೀಮೆಯ ಊರಿನಲ್ಲಿ ಅದೇ ಪ್ರಾಯದ ರೈತನಿಗೆ ಮೇ ಕೊನೆಯೆಂದರೆ ಮುಂಗಾರಿನ ತಯಾರಿ, ಹೆಸರು ಬಿತ್ತಲು ಹದ ಕಾಯುವ ಹೊತ್ತು. ಅವನ ದುಡಿಮೆ ಒಂದು ದಿನಕ್ಕೆ ನಿಲ್ಲುವುದಿಲ್ಲ, ಸ್ವಲ್ಪಸ್ವಲ್ಪವಾಗಿ ಇಳಿಯುತ್ತದೆ. ಮೊದಲು ರಂಟೆ-ಕುಂಟೆ ಬಿಡುತ್ತವೆ (ಈಗ ಅವನ್ನು ಟ್ರ್ಯಾಕ್ಟರು ತಾನೇ ಬಿಡಿಸಿದೆ), ಆಮೇಲೆ ಎಡೆ ಹೊಡೆಯುವುದು. ಕೊನೆಗೆ ಉಳಿಯುವುದು ದನ ನೋಡುವುದು, ಕಣ ಕಾಯುವುದು, ಯಾವ ಮಳೆಗೆ ಕೂರಿಗೆ ಹೂಡಬೇಕೆಂದು ಹೇಳುವುದು. ಬೆಟಗೇರಿಯ ನೇಕಾರರಲ್ಲೂ ಮಗ್ಗದಿಂದ ಎದ್ದ ಹಿರಿಯರು ಕಂಡಿಕೆ ಸುತ್ತಲು ಕೂರುತ್ತಾರೆ.

ಈ ಇಳಿಜಾರನ್ನು ಕಂಡು ಮೆಚ್ಚುವವರು ಬಹಳ. ಹಳ್ಳಿಯವರಿಗೆ ನಿವೃತ್ತಿಯೇ ಬೇಡ, ಕಾಯಕವೇ ಅವರ ಆರೋಗ್ಯ ಎನ್ನುತ್ತಾರೆ. ನನಗೆ ಈ ಮೆಚ್ಚುಗೆಯಲ್ಲಿ ಅನುಮಾನವಿದೆ. ಹಿರಿಯರು ಕೆಲಸವನ್ನು ಹೀಗೆ ಮೆಲ್ಲಗೆ ಬಿಡುತ್ತಾರೆ, ನಿಜ. ಆದರೆ ಉತಾರದ, ಅಂದರೆ ಪಹಣಿಯ, ಮೇಲಿನ ಹೆಸರನ್ನು ಮಾತ್ರ ಬಿಡುವುದಿಲ್ಲ. ಒಕ್ಕಲುತನದಲ್ಲಿ ನಿವೃತ್ತಿಯನ್ನು ಅಳೆಯಬೇಕಾದದ್ದು ಆ ಹೆಸರಿನಿಂದ. ಹಾಗೆ ಅಳೆದರೆ ನಮ್ಮಲ್ಲಿ ನಿವೃತ್ತರಾದವರು ಸಿಗುವುದೇ ಕಷ್ಟ. ಲಕ್ಷಗಟ್ಟಲೆ ಉತಾರಗಳು ಇನ್ನೂ ತೀರಿಕೊಂಡವರ ಹೆಸರಿನಲ್ಲೇ ಇವೆಯೆಂದು ಕಂದಾಯ ಇಲಾಖೆಯೇ ಅವನ್ನು ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆಯ ಅಭಿಯಾನ ಹೂಡಬೇಕಾಯಿತು. ಸಾವಿನಿಂದಲೂ ಇಲ್ಲಿ ನಿವೃತ್ತಿ ಸಿಗುತ್ತಿಲ್ಲ ಎಂದಂತಾಯಿತು.

ಇದರ ಭಾರ ಬೀಳುವುದು ನಡುವಯಸ್ಸಿನವರ ಮೇಲೆ. ಐವತ್ತು ದಾಟಿದ ಮಗ ಬಿತ್ತುತ್ತಾನೆ, ಔಷಧ ಹೊಡೆಯುತ್ತಾನೆ, ಮೆಣಸಿನಕಾಯಿಯನ್ನು ಪೇಟೆಗೆ ಒಯ್ಯುತ್ತಾನೆ. ಆದರೆ ಸರ್ಕಾರದ ಕಾಗದದಲ್ಲಿ ಅವನು ರೈತನಲ್ಲ. ಹೊಂಬಳದ ತಾಲೂಕಿನಲ್ಲೇ ಇರುವ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ರೈತನನ್ನು ಸಾಹುಕಾರರ ಕೈಯಿಂದ ಬಿಡಿಸಲೆಂದು. ಇವತ್ತು ಅಂಥ ಸೊಸೈಟಿಯ ಬಡ್ಡಿಯಿಲ್ಲದ ಬೆಳೆಸಾಲ ಕೇಳಹೋದ ಮಗ ಅಪ್ಪನ ಸಹಿ ತರಬೇಕು. ಅಪ್ಪನಿಗೆ ಮನಸ್ಸಿಲ್ಲದಿದ್ದರೆ ಮತ್ತೆ ಸಾಹುಕಾರನೇ ಗತಿ. ಹೊಸ ಬೆಳೆ ಹಾಕುವ, ಕೃಷಿಹೊಂಡ ತೋಡಿಸುವ ಧೈರ್ಯ ಇರುವ ವಯಸ್ಸೆಲ್ಲ ಹೀಗೆ ಇನ್ನೊಬ್ಬರ ಸಹಿ ಕಾಯುವುದರಲ್ಲಿ ಕಳೆಯುತ್ತದೆ. ತಮಾಷೆಯೆಂದರೆ ಸರ್ಕಾರದ ನಿಯಮಗಳೂ ಇದಕ್ಕೆ ಕುಮ್ಮಕ್ಕು ಕೊಟ್ಟಿವೆ. 2019ರಲ್ಲಿ ಬಂದ ಪಿಎಂ ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿ ಆ ವರ್ಷದ ಫೆಬ್ರುವರಿ 1ಕ್ಕೆ ಜಮೀನು ಯಾರ ಹೆಸರಿನಲ್ಲಿತ್ತೋ ಅವರಿಗೆ. ಅಪ್ಪ ತೀರಿಕೊಂಡು ವಾರಸಾ ಬಂದರೆ ಮಗನಿಗೂ ಉಂಟು; ಬದುಕಿದ್ದಾಗಲೇ ಬರೆದುಕೊಟ್ಟರೆ ಕಟ್. ಸಾಯುವತನಕ ಹೆಸರು ಬಿಡಬೇಡ ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ?

ಹಿರಿಯರ ಆಸೆಬುರುಕತನವೇ ಇದಕ್ಕೆ ಕಾರಣ ಎಂದು ಮಕ್ಕಳು, ಅದಕ್ಕಿಂತ ಹೆಚ್ಚಾಗಿ ಸೊಸೆಯಂದಿರು, ಹೇಳುವುದುಂಟು. ಲೆಕ್ಕ ಹಾಗೆ ಹೇಳುವುದಿಲ್ಲ. ಸರ್ಕಾರದ ವೃದ್ಧಾಪ್ಯ ಪಿಂಚಣಿಯಾದ ಸಂಧ್ಯಾ ಸುರಕ್ಷಾ ಕೊಡುವುದು 65 ತುಂಬಿದ ಮೇಲೆ ತಿಂಗಳಿಗೆ 1,200 ರೂಪಾಯಿ. 2025-26ರ ಉದ್ಯೋಗ ಖಾತ್ರಿಯ ದಿನಗೂಲಿ 370 ಎಂದರೆ ಅದು ಮೂರು ದಿನದ ಕೂಲಿಗಿಂತ ಚೂರು ಮೇಲೆ. ಸ್ವಂತ ದುಡ್ಡು ಕಟ್ಟಿ ಪಿಂಚಣಿ ಪಡೆಯೋಣವೆಂದರೆ 2015ರ ಅಟಲ್ ಪಿಂಚಣಿ, 2019ರ ಕಿಸಾನ್ ಮಾನ್‌ಧನ್, ಶ್ರಮಯೋಗಿ ಮಾನ್‌ಧನ್ ಮೂರರ ಬಾಗಿಲೂ 40ಕ್ಕೆ ಮುಚ್ಚುತ್ತವೆ. ಮುಪ್ಪಿನ ಚಿಂತೆ ಹತ್ತುವ ಹೊತ್ತಿಗೆ ಒಳಗೆ ಹೋಗುವ ಹಾದಿಯೇ ಇಲ್ಲ. ಹೀಗಿರುವಾಗ ಉತಾರದ ಹೆಸರೊಂದೇ ರೈತನ ಪಿಂಚಣಿ. ಅದನ್ನು ಹಿಡಿದುಕೊಂಡವನಿಗೆ ಹೊತ್ತಿಗೆ ರೊಟ್ಟಿ ಬರುತ್ತದೆ, ಮನೆಯಲ್ಲಿ ಅವನ ಮಾತು ನಡೆಯುತ್ತದೆ. 2006ರ ಏಪ್ರಿಲ್ ನಂತರ ಸೇರಿದ ಸರ್ಕಾರಿ ನೌಕರರು ಹೊಸ ಪಿಂಚಣಿಯನ್ನು ನಂಬದೆ ಹಳೆಯದನ್ನೇ ಕೊಡಿ ಎಂದು ಬೀದಿಗಿಳಿದರೆ ಅದನ್ನು ಹಕ್ಕು ಎನ್ನುತ್ತೇವೆ. ಎರಡು ಎಕರೆಯ ಮುದುಕ ಅದೇ ಭಯದಿಂದ ಉತಾರ ಹಿಡಿದು ಕೂತರೆ ಹಟ ಎನ್ನುವುದು ಯಾವ ನ್ಯಾಯ?

ಕಾಯಕದ ಮಾತಿಗೆ ಉತ್ತರ ಹೊಲವಿಲ್ಲದವರ ಮನೆಯಲ್ಲಿದೆ. ಉದ್ಯೋಗ ಖಾತ್ರಿಗೆ ವಯಸ್ಸಿನ ಮೇಲ್ಮಿತಿ ಇರಲಿಲ್ಲ. ಕರ್ನಾಟಕದಲ್ಲಿ 60 ದಾಟಿದವರಿಗೆ ಅರ್ಧ ಕೆಲಸಕ್ಕೆ ಪೂರ್ತಿ ಕೂಲಿ ಎಂಬ ರಿಯಾಯಿತಿ ಕೊಟ್ಟರು. ಒಳ್ಳೆಯ ಮನಸ್ಸಿನ ನಿಯಮವೇ ಸರಿ. ಆದರೆ ಆ ವಯಸ್ಸಿನಲ್ಲಿ ಸಲಿಕೆ ಹಿಡಿಯುವುದು ಒಲವಿನ ದುಡಿಮೆಯಲ್ಲ. ಒಲ್ಲೆ ಎನ್ನಲು ಆಗದವರ ದುಡಿಮೆಗೆ ಕಾಯಕವೆಂದು ಹೆಸರಿಡುವುದು ಆ ಮಾತಿಗೇ ಅನ್ಯಾಯ. ಹೆಂಗಸರ ವಿಷಯದಲ್ಲಂತೂ ಉತಾರದಲ್ಲಿ ಹೆಸರೂ ಅಪರೂಪ, ಅಡುಗೆಮನೆಯಿಂದ ಬಿಡುಗಡೆಯೂ ಅಪರೂಪ.

ಬದುಕಿದ್ದಾಗಲೇ ಹೆಸರು ಬಿಟ್ಟುಕೊಡುವ ಮಾತಿಗೆ ಉಳಿದದ್ದು ಒಂದು ಗಟ್ಟಿ ಆಕ್ಷೇಪಣೆ: ಹೊಲ ಬರೆದುಕೊಟ್ಟ ಮರುದಿನವೇ ಮಕ್ಕಳು ಕೈಬಿಟ್ಟರೆ? ಈ ಭಯ ಸುಳ್ಳಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮು ಇದಕ್ಕೆಂದೇ ಇದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಪಡೆದ ಮಗ ತಪ್ಪಿ ನಡೆದರೆ, ಉಪವಿಭಾಗಾಧಿಕಾರಿಗಳ ಮುಂದೆ ಹೋಗಿ ಆ ಪತ್ರವನ್ನೇ ರದ್ದು ಮಾಡಿಸಬಹುದು. ಆದರೆ ಷರತ್ತು ಇರಬೇಕು. ಊಟ, ಔಷಧ, ಇರಲೊಂದು ಕೋಣೆ ಎಂದು ದಾನಪತ್ರಕ್ಕೆ ಎರಡು ಸಾಲು ಸೇರಿಸಲು ಖರ್ಚೇನಿಲ್ಲ. ಅಡ್ಡ ಬರುವುದು ನಾಚಿಕೆ. ಹೊಟ್ಟೆಯಲ್ಲಿ ಹುಟ್ಟಿದವನಿಗೆ ಕರಾರು ಹಾಕುವುದೆಂದರೆ ಅಪ್ಪನಿಗೂ ಅವಮಾನ, ಮಗನಿಗೂ ಅವಮಾನ, ಪಂಚರಿಗೂ ಇರುಸುಮುರುಸು. ಹೀಗಾಗಿ ಕರಾರಿಲ್ಲದೆ ಬರೆದುಕೊಡುವುದು, ಇಲ್ಲವೇ ಬರೆಯದೆಯೇ ಇರುವುದು, ಇವೆರಡೇ ಉಳಿಯುತ್ತವೆ. ಬುದ್ಧಿ ಇದ್ದವರು ಎರಡನೆಯದನ್ನು ಆರಿಸಿಕೊಳ್ಳುತ್ತಾರೆ. ಐವತ್ತು ದಾಟಿದ ಮಗ ಸಹಿ ಕಾಯುತ್ತಾನೆ.