ನೀರಾಟಕ್ಕೂ ಟಿಕೆಟ್ಟಾ?

ಬೇಸಿಗೆ ರಜೆ. ಮಗಳು ವಾಟರ್ ಪಾರ್ಕ್‌ಗೆ ಹೋಗೋಣ ಅಂದ್ಲು. ನಾಲ್ಕು ಜನರ ಟಿಕೆಟ್ ಗುಮಾಸ್ತನ ಸಂಬಳಕ್ಕೆ ಎಟುಕಲಿಲ್ಲ. ಬುತ್ತಿ ಕಟ್ಟಿಕೊಂಡು ಶ್ರೀರಂಗಪಟ್ಟಣದ ಹತ್ತಿರದ ಬಲಮುರಿಗೆ ಹೋದ್ವಿ. ಕಟ್ಟೆ ದಾಟಿ ಹರಿಯೋ ಕಾವೇರಿ. ಮೊಣಕಾಲುದ್ದದ ನೀರಲ್ಲಿ ಮಕ್ಕಳು ಮನಸಾರೆ ಆಡಿದ್ರು. 'ನೀವು ಯಾವ ಪೈಕಿ' ಅಂತ ಯಾರೂ ಕೇಳಲಿಲ್ಲ.

ಚಿಕ್ಕವನಿದ್ದಾಗ ಊರ ಕೆರೆಗೆ ಇಳಿದಿದ್ದಕ್ಕೆ ನಮ್ಮಪ್ಪನ್ನ ಕರೆಸಿ ಬೈದಿದ್ರು. 1927ರಲ್ಲಿ ಮಹಾಡ್‌ನ ಚವದಾರ್ ಕೆರೆಯ ನೀರನ್ನ ಬಾಬಾಸಾಹೇಬರು ಕುಡಿದರು. ಸಂವಿಧಾನದ 15(2)ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟಗಳನ್ನ ಹೆಸರಿಡಿದೇ ಹೇಳುತ್ತೆ. ಅಂದು ಜಾತಿ ತಡೀತು, ಇಂದು ಟಿಕೆಟ್ಟೂ ತಡೀತಿದೆ.

ನದಿಗೆ ಹೋಗೋರು ಸ್ಥಳೀಯರನ್ನ ಕೇಳಿಯೇ ಇಳೀರಿ, ಅಣೆಕಟ್ಟೆಯಿಂದ ನೀರು ಬಿಟ್ಟಾಗ ಬೇಡವೇ ಬೇಡ. ವಾರ್ಡ್ ಸಭೆಯಲ್ಲಿ ಕೇಳಿ: ನಮ್ಮ ಕೇರಿ ಪಾರ್ಕಲ್ಲೂ ಮಕ್ಕಳಿಗೆ ಪುಕ್ಕಟೆ ಕಾರಂಜಿ ಬೇಕು.

ಜೈಭೀಮ್.