ಹನ್ನೊಂದು ತಿಂಗಳ ಕರಾರು

ಸೇಡಂನಲ್ಲಿ ನಾವು ಹಿಡಿದ ಬಾಡಿಗೆ ಮನೆಯ ಕರಾರುಪತ್ರ ಕನ್ನಡದಲ್ಲಿತ್ತು. ಅಬ್ಬಾಗೆ ಓದಲು ಬರುವುದು ಉರ್ದು ಮಾತ್ರ; ಓದಿ ಹೇಳಿದವನು ನಾನು. "ಬೋರಿಗೆ ಬ್ಯಾಸಿಗ್ಯಾಗೂ ನೀರು ಇರ್ತಾವ" ಎಂದು ಮಾಲೀಕರು ಬಾಯಲ್ಲಿ ಹೇಳಿದ್ದು ಪತ್ರದಲ್ಲಿರಲಿಲ್ಲ. ನಾನು ಕೇಳಲಿಲ್ಲ.

ಮಾರ್ಚ್‌ನಲ್ಲಿ ಬೋರು ಬತ್ತಿತು. ಹಿಂದಿನವರೂ ಇದಕ್ಕೇ ಮನೆ ಬಿಟ್ಟರೆಂದು ಪಕ್ಕದ ಮನೆಯ ಖಾಲಾ ಆಗ ಹೇಳಿದರು. ಕೊಡ ಹೊತ್ತು ಅಮ್ಮಿಗೆ ಸೊಂಟನೋವು ಬಂತು. ನಾಲ್ಕನೇ ತಿಂಗಳಿಗೇ ಬಿಟ್ಟೆವು. "ಅವಧಿಗೆ ಮೊದಲೇ ಬಿಟ್ಟೀರಿ" ಎಂದು ಅರ್ಧ ಡಿಪಾಜಿಟ್ ಹಿಡಿದುಕೊಂಡರು. (ಅಕೌಂಟೆನ್ಸಿಯಲ್ಲಿ ಡಿಪಾಜಿಟ್ಟನ್ನು ಆಸ್ತಿಯ ಕಡೆ ಬರೆಯುತ್ತೇವೆ!)

ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ತನಗೆ ಗೊತ್ತಿದ್ದು ಬಾಡಿಗೆದಾರನಿಗೆ ಕಾಣದ ದೊಡ್ಡ ದೋಷವನ್ನು ಮಾಲೀಕ ತಿಳಿಸಬೇಕು ಎನ್ನುತ್ತದೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು. ನಾನದನ್ನು ಓದಿದ್ದು ಆಮೇಲೆ.

ಹೊಸ ಮನೆಯ ಪತ್ರವನ್ನೂ ಅಬ್ಬಾ ನನ್ನ ಕೈಗೇ ಕೊಟ್ಟರು. ಮೊದಲು ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದೆ.