ಕಾಯುವವನು ಕಾಯದಂತೆ

ಕಾವಲುಗಾರನನ್ನು ಇಟ್ಟುಕೊಳ್ಳುವವರು ಅವನ ಸಂಬಳದ ಲೆಕ್ಕ ಹಾಕುತ್ತಾರೆ. ಅವನಿಗೆ ಸೆಕೆಯಾಗುತ್ತದೆಯೆ ಎಂದು ವಿಚಾರಿಸುವವರು ಕಡಮೆ. ನಮ್ಮ ಮನೆಯ ಕಾವಲುಗಾರನ ವಿಷಯದಲ್ಲಿ ಮಾತ್ರ ಈ ವಿಚಾರಣೆಯೇ ನನಗೊಂದು ಉದ್ಯೋಗವಾಗಿಬಿಟ್ಟಿದೆ. ಒಂದು ಕಛೇರಿಯಿಂದ ಹಳತೆಂದು ಹೊರಬಿದ್ದ ಕಂಪ್ಯೂಟರನ್ನು ಅಗ್ಗಕ್ಕೆ ಕೊಂಡು, ಅದಕ್ಕೆ ಇನ್ನೊಂದು ನೆಟ್‌ವರ್ಕ್ ಕಾರ್ಡು ಸಿಕ್ಕಿಸಿ, ನಾನೇ ಕಟ್ಟಿಕೊಂಡ ಫೈರ್‌ವಾಲ್ ಆತ. ಹೊರಗಿನ ತಂತಿ ಒಂದು ಕಡೆ, ಮನೆಯ ತಂತಿ ಇನ್ನೊಂದು ಕಡೆ; ನಡುವೆ ಇವನು. ಅಂತರಜಾಲದಿಂದ ಬರುವುದೆಲ್ಲ ಚಿಕ್ಕ ಚಿಕ್ಕ ಕಟ್ಟುಗಳಾಗಿ ಬರುತ್ತದಷ್ಟೆ. ಪ್ರತಿಯೊಂದರ ಮೇಲೂ ಎಲ್ಲಿಂದ, ಎಲ್ಲಿಗೆ ಎಂಬ ವಿಳಾಸವಿರುತ್ತದೆ. ಒಳಗಿನವರು ಕೇಳಿ ತರಿಸಿಕೊಂಡದ್ದಾದರೆ ಬಿಡುತ್ತಾನೆ. ಕರೆಯದೆ ಬಂದದ್ದನ್ನು ಹೊಸ್ತಿಲಲ್ಲೇ ಬಿಸಾಡುತ್ತಾನೆ. ೨೦೦೧ರಲ್ಲಿ ಡೇನಿಯಲ್ ಹಾರ್ಟ್‌ಮೇಯರ್ ಎಂಬಾತ ಓಪನ್‌ಬಿಎಸ್‌ಡಿಗಾಗಿ ಬರೆದ ಪಿಎಫ್ ಎಂಬ ಜರಡಿಯೇ ಇವನ ಬುದ್ಧಿ. ಅದನ್ನು ಬಳಸುವ ಓಪಿಎನ್‌ಸೆನ್ಸ್ ಎಂಬ ತಂತ್ರಾಂಶಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಈತನ ಮೇಲೆ ನಮ್ಮ ಮನೆಯಲ್ಲಿ ಇಬ್ಬರಿಗೆ ಹಕ್ಕುಂಟು. ೨೦೨೦ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಶಿರಾಕ್ಕೆ ಬಂದ ಮಗಳು ಕೆಲಸವನ್ನೂ ಜೊತೆಗೆ ತಂದಳು, ಮತ್ತೆ ಹಿಂದಿರುಗಲಿಲ್ಲ. ಅವಳು ನೋಡಿಕೊಳ್ಳುವುದು ಪರರ ಲೆಕ್ಕಪತ್ರ. ಮನೆಯ ಜಾಲ ಭದ್ರವಾಗಿ, ಕಡಿಯದೆ ಇರುವಷ್ಟು ಕಾಲ ಇಲ್ಲಿಂದಲೇ ದುಡಿಯಬಹುದೆಂಬುದು ಅವಳ ಮೇಲಧಿಕಾರಿಗಳ ಷರತ್ತು. ಇನ್ನೊಬ್ಬರು ನನ್ನ ತಾಯಿ, ಎಂಬತ್ತನಾಲ್ಕು ವರ್ಷ. ನಡುಮನೆಯಲ್ಲಿ ಮಲಗುತ್ತಾರೆ. ತಂತಿ ಒಳಬರುವ ಗೋಡೆಯೂ ಯಂತ್ರ ಕುಳಿತಿರುವ ಗೂಡೂ ಅಲ್ಲಿಯೇ. ಮಗಳಿಗೆ ಬೇಕಾದದ್ದು ಯಂತ್ರದ ತಂಪು. ತಾಯಿಗೆ ಬೇಕಾದದ್ದು ಅದರ ಮೌನ. ರಾತ್ರಿ ನಿದ್ದೆಗೆಟ್ಟರೆ ಬೆಳಗ್ಗೆ ಅವರಿಗೆ ತಲೆ ತಿರುಗುತ್ತದೆ. ಹಾಗೊಮ್ಮೆ ಬಚ್ಚಲ ಬಾಗಿಲಲ್ಲಿ ಬಿದ್ದೂ ಇದ್ದರು. ಆದ್ದರಿಂದ ಬೀಸಣಿಗೆಯ ವೇಗವೆಂಬುದು ನಮ್ಮಲ್ಲಿ ಹವ್ಯಾಸದ ಮಾತಾಗಿ ಉಳಿಯಲಿಲ್ಲ, ಸಂಸಾರದ ಮಾತಾಯಿತು.

ಕನ್ನಡದಲ್ಲಿ ಕಾಯುವುದೆಂದರೆ ಕಾವಲಿರುವುದೂ ಹೌದು, ಬಿಸಿಯಾಗುವುದೂ ಹೌದು. ಹೀಗೆ ಎರಡಕ್ಕೂ ಒಂದೇ ಮಾತನ್ನಿಟ್ಟ ಹಿರಿಯರು ಶಿರಾದ ಏಪ್ರಿಲ್ ತಿಂಗಳನ್ನು ಕಂಡವರೇ ಇರಬೇಕು. ಬಲ್ಲವರ ಸಲಹೆ ಕೇಳಿದರೆ, ಚಿಪ್ಪಿನ ಉಷ್ಣ ಐವತ್ತು ಡಿಗ್ರಿ ಮೀರಬಾರದು ಎನ್ನುತ್ತಾರೆ. ಹೇಳುವವರ ಊರಿನಲ್ಲಿ ಕೋಣೆಯ ಉಷ್ಣ ಇಪ್ಪತ್ತು ಡಿಗ್ರಿ ಇದ್ದೀತು. ನಮ್ಮ ನಡುಮನೆಯಲ್ಲಿ ಮಧ್ಯಾಹ್ನ ಮೂರಕ್ಕೆ ಮೂವತ್ತಾರು. ಬೀಸಣಿಗೆ ಗಾಳಿಯನ್ನು ತಂಪು ಮಾಡುವುದಿಲ್ಲ. ಚಿಪ್ಪಿನ ಬಳಿ ಬಿಸಿಯಾದ ಗಾಳಿಯನ್ನು ತಳ್ಳಿ, ಕೋಣೆಯ ಗಾಳಿಯನ್ನು ಅಲ್ಲಿಗೆ ತರುತ್ತದೆ. ಎಷ್ಟೇ ಜೋರಾಗಿ ತಿರುಗಿದರೂ ಕೋಣೆಗಿಂತ ಕೆಳಕ್ಕೆ ಇಳಿಸಲು ಅದರಿಂದಾಗದು. ಆದ್ದರಿಂದ ನಾನು ನೋಡುವುದು ಚಿಪ್ಪಿಗೂ ಕೋಣೆಗೂ ಇರುವ ಅಂತರವನ್ನು. ಜನವರಿಯ ಮುಂಜಾನೆ ಕೋಣೆ ಹದಿನೆಂಟಿದ್ದಾಗ ಚಿಪ್ಪು ಮೂವತ್ತೆಂಟು. ಏಪ್ರಿಲಿನಲ್ಲಿ ಕೋಣೆ ಮೂವತ್ತಾರಾದಾಗ ಚಿಪ್ಪು ಐವತ್ತಾರು. ಎರಡು ದಿನವೂ ಅಂತರ ಇಪ್ಪತ್ತೇ. ಯಂತ್ರದ ಆರೋಗ್ಯ ಸರಿಯಾಗಿಯೇ ಇದೆ. ಈ ಬಗೆಯ ಹಲವು ಚಿಪ್ಪುಗಳು ನೂರು ಡಿಗ್ರಿಯ ಆಸುಪಾಸಿಗೆ ಬಂದಾಗ ತಾವೇ ವೇಗ ತಗ್ಗಿಸಿಕೊಂಡು ಜೀವ ಉಳಿಸಿಕೊಳ್ಳುತ್ತವೆ.

ಬಿಸಿಲಿಗೆ ಸಿಲಿಕಾನು ಬಳಲುವುದು ನಮ್ಮ ಮನೆಯಲ್ಲಿ ಮಾತ್ರವಲ್ಲ. ನೆರೆಯ ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು ೧೩,೦೦೦ ಎಕರೆಯಲ್ಲಿ ಹಬ್ಬಿರುವ ೨,೦೫೦ ಮೆಗಾವಾಟಿನ ಸೋಲಾರ್ ಪಾರ್ಕಿನಲ್ಲಿ ಫಲಕಗಳು ಬಾಳುವುದೇ ಬಿಸಿಲಿನಿಂದ. ಆದರೂ ಫಲಕದ ಮೈ ಇಪ್ಪತ್ತೈದು ಡಿಗ್ರಿಗಿಂತ ಮೇಲೇರಿದಂತೆಲ್ಲ, ಡಿಗ್ರಿಯೊಂದಕ್ಕೆ ನೂರಕ್ಕೆ ೦.೩ರಿಂದ ೦.೫ರಷ್ಟು ಶಕ್ತಿ ಸೋರಿಹೋಗುತ್ತದೆ. ಬೆಳಕು ಬೇಕು, ಕಾವು ಬೇಡ ಎಂದರೆ ಸೂರ್ಯ ಕೇಳುತ್ತಾನೆಯೆ?

ಇನ್ನು ಬೀಸಣಿಗೆ. ಹನ್ನೆರಡು ವೋಲ್ಟಿನದು, ನಾಲ್ಕು ತಂತಿ. ಎರಡು ವಿದ್ಯುತ್ತಿಗೆ. ಮೂರನೆಯದು ಸುತ್ತಿಗೆ ಎರಡು ಬಾರಿ ಮಿಡಿದು ವೇಗದ ವರದಿ ಒಪ್ಪಿಸುತ್ತದೆ. ನಾಲ್ಕನೆಯದು ಅಪ್ಪಣೆಯ ತಂತಿ: ಸೆಕೆಂಡಿಗೆ ಇಪ್ಪತ್ತೈದು ಸಾವಿರ ಬಾರಿ ‘ಹೂಂ’, ‘ಉಹುಂ’ ಎನ್ನುತ್ತಿರುತ್ತದೆ. ‘ಹೂಂ’ನ ಪಾಲು ಹೆಚ್ಚಿದಷ್ಟೂ ವೇಗ ಹೆಚ್ಚು. ಮನುಷ್ಯನ ಕಿವಿ ಇಪ್ಪತ್ತು ಸಾವಿರದ ಆಚೆಗಿನದನ್ನು ಕೇಳದಾದ್ದರಿಂದ ಈ ಮಾತುಕತೆ ನಮಗೆ ಕೇಳಿಸದು. ವೇಗವನ್ನು ಅರ್ಧಕ್ಕೆ ಇಳಿಸಿದರೆ ಗಾಳಿಯೂ ಅರ್ಧವಾಗುತ್ತದೆ. ಆದರೆ ತಿರುಗಿಸಲು ಬೇಕಾದ ಶಕ್ತಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಸದ್ದು ಸುಮಾರು ಹದಿನೈದು ಡೆಸಿಬೆಲ್ ತಗ್ಗುತ್ತದೆ. ಇಷ್ಟು ಲಾಭದ ವ್ಯಾಪಾರ ಸಂತೆಯಲ್ಲಿಯೂ ಸಿಕ್ಕದು. ಹಾಗೆಂದು ಬಹಳ ಇಳಿಸುವಂತಿಲ್ಲ. ನೂರಕ್ಕೆ ಮೂವತ್ತಕ್ಕಿಂತ ಕೆಳಗೆ ಕೆಲವು ಬೀಸಣಿಗೆಗಳು ನಿಂತೇಹೋಗುತ್ತವೆ.

ಲೆಕ್ಕವೆಲ್ಲ ಹೀಗೆ ಸರಿಹೋದ ಮೇಲೂ ಅಮ್ಮನಿಗೆ ನಿದ್ದೆ ಬರಲಿಲ್ಲ. ರಾತ್ರಿ ಎರಡು ಗಂಟೆಗೆ ಮಗಳ ಕಡತಗಳು ತಾವಾಗಿಯೇ ಬೆಂಗಳೂರಿಗೆ ಹೊರಡುತ್ತವೆ. ಆಗ ಚಿಪ್ಪು ಎರಡು ಡಿಗ್ರಿ ಏರುತ್ತದೆ, ಬೀಸಣಿಗೆ ಹೆಚ್ಚುತ್ತದೆ, ಚಿಪ್ಪು ಇಳಿಯುತ್ತದೆ, ಬೀಸಣಿಗೆ ತಗ್ಗುತ್ತದೆ, ಮತ್ತೆ ಏರುತ್ತದೆ. ಅಮ್ಮನನ್ನೇ ಕೇಳಿದೆ.

“ಒಂದೇ ಸಮ ಕೂಗಿಕೊಂಡರೆ ಕೂಗಿಕೊಳ್ಳಲಿ ಬಿಡಪ್ಪ,” ಎಂದರು. “ಚಳ್ಳಕೆರೆಯಲ್ಲಿ ನಮ್ಮ ತೌರುಮನೆ ಹಿಂದೆ ಎಣ್ಣೆ ಗಿರಣಿ ಇರಲಿಲ್ಲವೆ? ರಾತ್ರಿಯೆಲ್ಲ ಓಡುತ್ತಿತ್ತು, ಮಲಗುತ್ತಿದ್ದೆವು. ಅದು ನಿಂತರೇನೆ ಎಚ್ಚರ ಆಗೋದು. ಇದು ಏರುತ್ತೆ, ಇಳಿಯುತ್ತೆ. ಯಾರೋ ಬಂದು ತಲೆದೆಸೆಯಲ್ಲಿ ನಿಂತ ಹಾಗಾಗುತ್ತೆ.”

ಕಿವಿಯನ್ನು ಕಾಡುವುದು ಸದ್ದಿನ ಗಾತ್ರಕ್ಕಿಂತ ಸದ್ದಿನ ಚಂಚಲತೆ ಎಂಬುದನ್ನು ಗಿರಣಿಯ ಮಗ್ಗುಲಲ್ಲಿ ಬೆಳೆದವರು ಎರಡು ಮಾತಿನಲ್ಲಿ ಮುಗಿಸಿಬಿಟ್ಟರು. ಬೀಸಣಿಗೆಗೆ ಈಗ ಹೊಸ ಶಿಸ್ತು. ಐವತ್ತೆಂಟು ಡಿಗ್ರಿಯವರೆಗೆ ನೂರಕ್ಕೆ ನಲವತ್ತರ ವೇಗ, ಕದಲುವಂತಿಲ್ಲ. ಅಲ್ಲಿಂದ ಮೆಲ್ಲಗೆ ಏರಿ, ಎಪ್ಪತ್ತೈದಕ್ಕೆ ಪೂರ್ಣ ವೇಗ. ಒಮ್ಮೆ ಏರಿದ ಮೇಲೆ ಚಿಪ್ಪು ಐದು ಡಿಗ್ರಿ ತಣಿಯುವವರೆಗೆ ಇಳಿಯಕೂಡದು. ಮಧ್ಯಾಹ್ನ ಮಗಳ ಕೆಲಸ ಹೆಚ್ಚಿದಾಗ ಅದು ಜೋರಾಗಿಯೇ ಓಡುತ್ತದೆ. ಆ ಹೊತ್ತಿಗೆ ಅಮ್ಮ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತ ಕುಳಿತಿರುತ್ತಾರೆ. ರಾತ್ರಿಯ ಎರಡು ಡಿಗ್ರಿಗೆ ಅದೀಗ ತಲೆಯೆತ್ತುವುದಿಲ್ಲ.

ಉಳಿದದ್ದು ಧೂಳು. ಈ ಸೀಮೆಯ ಕೆಮ್ಮಣ್ಣಿನ ಧೂಳಿಗೆ ಬಾಗಿಲು, ಕಿಟಕಿ ಲೆಕ್ಕಕ್ಕಿಲ್ಲ. ಗಾಳಿ ಒಳಹೋಗುವ ಕಂಡಿಗೆ ಸೊಳ್ಳೆಪರದೆಯ ಬಲೆ ಕಟ್ಟಿದ್ದೇನೆ. ಒತ್ತಾದ ಬಟ್ಟೆ ಕಟ್ಟಿದರೆ ಧೂಳಿನೊಡನೆ ಗಾಳಿಯೂ ನಿಲ್ಲುತ್ತದೆ. ಅಮಾವಾಸ್ಯೆಗೆ ಮನೆ ಗುಡಿಸಿ ಸಾರಿಸುವ ದಿನ ಅದನ್ನೂ ಬಿಚ್ಚಿ ಒರೆಸುತ್ತೇನೆ. ಕೋಣೆಗೂ ಚಿಪ್ಪಿಗೂ ಇರುವ ಅಂತರ ಇಪ್ಪತ್ತರಿಂದ ಇಪ್ಪತ್ತೈದಕ್ಕೆ ಏರಿತೆಂದರೆ ಪಂಚಾಂಗ ನೋಡದೆಯೇ ಅಮಾವಾಸ್ಯೆ ಹತ್ತಿರವಾಯಿತೆಂದು ತಿಳಿಯಬಹುದು.

ನಾಲ್ಕು ತಂತಿಯ ಬೀಸಣಿಗೆಯಲ್ಲಿ ನನಗೆ ಬಲು ಮೆಚ್ಚಿಕೆಯಾದ ಗುಣವೊಂದುಂಟು. ಅಪ್ಪಣೆಯ ತಂತಿ ಕಡಿದುಹೋದರೆ ಅದು ಸುಮ್ಮನೆ ನಿಲ್ಲುವುದಿಲ್ಲ. ಪೂರ್ಣ ವೇಗದಲ್ಲಿ ತಿರುಗತೊಡಗುತ್ತದೆ. ಹೇಳುವವರಿಲ್ಲದಾಗ ಹೆಚ್ಚು ದುಡಿಯಬೇಕೆಂದು ಅದನ್ನು ರೂಪಿಸಿದವರು ನಿಶ್ಚಯಿಸಿದ್ದಾರೆ. ಮಗಳು ಎಂದಾದರೊಂದು ದಿನ ಈ ಮನೆ ಬಿಟ್ಟು ಹೊರಡುವವಳೇ. ಮದುವೆಗೋ, ಮೇಲಿನ ಕೆಲಸಕ್ಕೋ, ಅವಳಿಷ್ಟ. ಯಂತ್ರ ಕಾದು ನಿಂತದ್ದರಿಂದ ಹೋಗಬೇಕಾಯಿತು ಎಂಬ ಮಾತು ಮಾತ್ರ ಬಾರದಿರಲಿ. ಅಲ್ಲಿಯವರೆಗೆ ಅಜ್ಜಿಯ ಔಷಧಿ ಮಾತ್ರೆಗಳನ್ನು ರಾತ್ರಿ ಒಂಬತ್ತಕ್ಕೆ ಎಣಿಸಿ ಕೊಡುವವಳು ಅವಳೇ.